ಭಾನುವಾರದ ನಾಲ್ಕು ಡಿಗ್ರಿ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಲಸಿಕೆ ಫ್ರಿಜ್ಜಿನ ಮುಚ್ಚಳ ಎತ್ತಿದ ಹೆಂಗಸು ಒಳಗಿನ ಥರ್ಮಾಮೀಟರ್ ನೋಡಿದಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಸೊನ್ನೆಯಿಂದ ಕೆಳಗೆ ಎರಡು ಡಿಗ್ರಿ. ಕನ್ನಡಕದ್ದೇನೂ ತಪ್ಪಿರಲಿಲ್ಲ.

ಫ್ರಿಜ್ಜಿನ ಮೇಲೆ ಗೋಡೆಗೆ ತೂಗುಹಾಕಿದ್ದ ಉಷ್ಣಾಂಶದ ಚಾರ್ಟಿನಲ್ಲಿ ಭಾನುವಾರದ ಎರಡೂ ಮನೆಗಳು ತುಂಬಿದ್ದವು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ದುಂಡನೆಯ ಅಕ್ಷರ, ಅವಳದೇ. ಬರೆದದ್ದು ಮಾತ್ರ ಶನಿವಾರ ಸಂಜೆ, ಮನೆಗೆ ಹೊರಡುವ ಮುಂಚೆ.

ಊರು ಅವಳನ್ನು ಫ್ರಿಜ್ ಅಕ್ಕ ಅನ್ನುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ, ಲಸಿಕೆಯ ಐಸ್ ಡಬ್ಬ ಹೊತ್ತು ಹಳ್ಳಿಗಳಿಗೆ ತಿರುಗುವ ಕೆಲಸಕ್ಕೆ ಸೇರಿದಳು. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಕಂಡಕ್ಟರ್, "ಏನಕ್ಕ, ಕೂಸಿಗೂ ಟಿಕೆಟ್ ಕೊಡ್ಲಾ?" ಎಂದು ರೇಗಿಸುತ್ತಿದ್ದ. "ಕೊಡಪ್ಪ, ಇದು ನಿನ್ನ ಮಕ್ಕಳನ್ನೂ ಸಾಕೋ ಕೂಸು," ಅನ್ನುತ್ತಿದ್ದಳು. ಆಮೇಲೆ ಮೊಣಕಾಲು ಕೈಕೊಟ್ಟಿತು. ಆಸ್ಪತ್ರೆಯ ಹಿಂಭಾಗದ ಈ ಕೋಣೆಗೆ ಹಾಕಿದರು. ಒಂದು ಕಿಟಕಿ, ಒಂದು ಸ್ಟೂಲು, ಮೇಲ್ಮುಚ್ಚಳದ ದೊಡ್ಡ ಫ್ರಿಜ್ಜು, ಪಕ್ಕದಲ್ಲಿ ಐಸ್ ಕಟ್ಟುವ ಡೀಪ್ ಫ್ರೀಜರ್. ಅವಳು ಸೇರಿದಾಗ ಗುತ್ತಿಗೆ, ಈಗಲೂ ಗುತ್ತಿಗೆ. ಹುದ್ದೆ ಕಾಯಂ ಆಗುತ್ತದೆ ಎಂಬ ಮಾತು ಮಾತ್ರ ಕಾಯಂ ಆಗಿದೆ.

ಚಾರ್ಟಿನ ಕಥೆ ಹೇಳಲೇಬೇಕು. ಅದನ್ನು ರೂಪಿಸಿದವರು ಎಲ್ಲೋ ದೂರದ, ತಣ್ಣಗಿನ ಸಭಾಂಗಣದಲ್ಲಿ ಕೂತು ರೂಪಿಸಿದರು. ಒಳ್ಳೆಯ ಚಾರ್ಟು, ಅದರ ಬಗ್ಗೆ ಎರಡು ಮಾತಿಲ್ಲ. ವಾರಕ್ಕೆ ಏಳು ದಿನ, ದಿನಕ್ಕೆರಡು ಸಲ, ಎರಡರಿಂದ ಎಂಟು ಡಿಗ್ರಿಯೊಳಗೆ. ಆದರೆ ಫ್ರಿಜ್ ಅಕ್ಕನ ಸಂಬಳ ಆರು ದಿನದ್ದು. ಏಳನೆಯ ದಿನ ಆ ಮನೆಗಳನ್ನು ಯಾರು ತುಂಬಬೇಕು ಎಂದು ಸಭಾಂಗಣದಲ್ಲಿ ಯಾರೂ ಕೇಳಲಿಲ್ಲ. ಖಾಲಿ ಬಿಟ್ಟರೆ ಮಾತ್ರ ಕೇಳುತ್ತಾರೆ. ಒಮ್ಮೆ ಖಾಲಿ ಬಿಟ್ಟಿದ್ದಳು. ಮೇಲಿಂದ ಬಂದವರು ಅದಕ್ಕೆ ಕೆಂಪು ಸುತ್ತು ಹಾಕಿ, "ನಿರ್ಲಕ್ಷ್ಯ" ಎಂದು ಬರೆದು ಹೋದರು. ಅಂದಿನಿಂದ ಶನಿವಾರವೇ ಭಾನುವಾರವನ್ನು ಬರೆದಿಡುವುದು ರೂಢಿಯಾಯಿತು. ಅವಳೊಬ್ಬಳದೇ ಅಲ್ಲ, ಅವಳಿಗೆ ಗೊತ್ತಿದ್ದ ಎಲ್ಲ ಲಸಿಕೆ ಕೋಣೆಗಳಲ್ಲೂ ಭಾನುವಾರ ನಾಲ್ಕೇ ಡಿಗ್ರಿ.

ಈ ಭಾನುವಾರ ಮಾತ್ರ ನಾಲ್ಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಸೊಂಟ ಮುರಿದು ಮಲಗಿದ ಅತ್ತೆಗೆ ಸ್ನಾನ ಮಾಡಿಸುತ್ತಿದ್ದಳು. ಫೋನು ಬಡಿದುಕೊಂಡಿತು. ಆಸ್ಪತ್ರೆಯ ವಾಚ್‌ಮನ್.

"ಅಕ್ಕಾ, ಬೆಳಿಗ್ಗೆಯಿಂದ ಕರೆಂಟಿರ್ಲಿಲ್ಲ, ಈಗ ಬಂತು. ನಿಮ್ಮ ಫ್ರಿಜ್ಜಿನ ಮುಳ್ಳು ಹತ್ತು ತೋರಿಸ್ತಿದೆ."

ಸೋಪಿನ ಕೈಯಲ್ಲಿ ಫೋನನ್ನು ಕತ್ತಿಗೆ ಒತ್ತಿಕೊಂಡು ಅಕ್ಕ ಹೇಳಿದಳು: "ನಾಬ್ ಏಳಕ್ಕೆ ತಿರುಗಿಸಣ್ಣ. ಬೇಗ ತಣ್ಣಗಾಗ್ಲಿ. ಎರಡು ಗಂಟೆ ಬಿಟ್ಟು ನಾನೇ ಫೋನ್ ಮಾಡ್ತೀನಿ, ವಾಪಸ್ ಮೂರಕ್ಕೆ ಇಡುವಂತೆ."

ನಾಬಿನ ಏಳು ಅಂದರೆ ಡಿಗ್ರಿಯಲ್ಲ, ಅತಿ ಹೆಚ್ಚಿನ ಚಳಿ. ಹಳಬರೆಲ್ಲ ಮಾಡುವುದೇ ಹೀಗೆ. ಕಲಿಸುವ ಪುಸ್ತಕದಲ್ಲಿ ನಾಬ್ ಮುಟ್ಟಬೇಡಿ ಎಂದಿದೆ. ಪುಸ್ತಕ ಬರೆದವರ ಊರಿನಲ್ಲಿ ಕರೆಂಟು ಹೋಗುವುದಿಲ್ಲವೋ ಏನೋ. ಆದರೆ ಆ ಎರಡು ಗಂಟೆಯೊಳಗೆ ಅತ್ತೆ ಚಳಿಗೆ ನಡುಗಿ, ಉಂಡದ್ದನ್ನೆಲ್ಲ ಕಕ್ಕಿದರು. ಹಾಸಿಗೆ ಬದಲಿಸಿ, ಬಟ್ಟೆ ಒಗೆದು, ಗಂಜಿ ಕುಡಿಸಿ, ಗೋಡೆಗೆ ಒರಗಿ ಕೂತವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ನಾಬ್ ಏಳರಲ್ಲೇ ಉಳಿಯಿತು.

ಉಳಿದ ದಿನಗಳಲ್ಲಾದರೆ ಹೋಗಲಿ ಎನ್ನಬಹುದಿತ್ತು. ಈಗ ಫ್ರಿಜ್ಜಿನೊಳಗೆ ಇದ್ದದ್ದು ಗಂಟಲಮಾರಿ ಲಸಿಕೆ. ಹನ್ನೆರಡು ಪೆಟ್ಟಿಗೆ, ಆರು ಸಾವಿರ ಮಕ್ಕಳಿಗೆ ಸಾಕಾಗುವಷ್ಟು. ಮಂಗಳವಾರ ಬೆಳಿಗ್ಗೆಯಿಂದ ಹಾಕಬೇಕಿತ್ತು.

ಆ ಪೆಟ್ಟಿಗೆಗಳು ಬಂದದ್ದು ಸುಮ್ಮನೆ ಅಲ್ಲ. ಗಂಟಲಮಾರಿ ಅಂದರೆ ಅಜ್ಜಿಯಂದಿರ ಕಾಲದ ರೋಗ, ಹೋಗಿಯೇ ಬಿಟ್ಟಿತು ಎಂದು ಎಲ್ಲರೂ ನಂಬಿದ್ದರು. ರೋಗಕ್ಕೆ ಆ ಸುದ್ದಿ ತಲುಪಿರಲಿಲ್ಲ. ಮೊದಲ ಮಗುವಿನ ಗಂಟಲಲ್ಲಿ ಬೂದಿ ಬಣ್ಣದ ಪೊರೆ ಕಟ್ಟಿದಾಗ ಆಸ್ಪತ್ರೆಯಿಂದ ವರದಿ ಹೋಯಿತು. ವರದಿಯ ಮೇಲೆ ಸಭೆ, ಸಭೆಯ ಮೇಲೆ ಉಪಸಭೆ. ಇದನ್ನು ಪಿಡುಗು ಅನ್ನಬೇಕೋ, ಅನ್ನಬೇಕಾದರೆ ಇನ್ನೆಷ್ಟು ಮಕ್ಕಳು ಬೇಕೋ ಎಂದು ದೇಶದೇಶಗಳ ತಜ್ಞರು ಪರದೆಗಳಲ್ಲಿ ಮುಖ ತೋರಿಸಿ ಚರ್ಚಿಸಿದರು. ರೋಗ ಬಂದ ಮೇಲೆ ಕೊಡುವ ಮದ್ದು ಬೇರೆ ಇದೆ. ಅದನ್ನು ತಯಾರಿಸುವವರು ಬೆರಳೆಣಿಕೆಯಷ್ಟು. ಬಡವರ ಮಕ್ಕಳ ಗಂಟಲಲ್ಲಿ ಲಾಭ ಹುಟ್ಟುವುದಿಲ್ಲವಲ್ಲ. ಆ ಮದ್ದಿಗಾಗಿ ಕಾಯುತ್ತಲೇ ಮೂರನೆಯ ವಾರ ದರ್ಜಿಯ ದೊಡ್ಡ ಮಗಳು ಹೋದಳು. ಏಳು ವರ್ಷ. ಅಕ್ಕನ ಬೀದಿಯವಳೇ. ಹೊಲಿದ ರವಿಕೆಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಹುಡುಗಿ.

ಹತ್ತನೆಯ ವಾರಕ್ಕೆ ಲಸಿಕೆ ವಿಮಾನದಲ್ಲಿ ಬಂತು. ಅದಕ್ಕೆ ಫೋಟೋ ತೆಗೆದರು. ಪೆಟ್ಟಿಗೆಗಳ ಮೇಲೆ ದಾನಿಗಳ ಸ್ಟಿಕ್ಕರ್ ಎಷ್ಟು ದೊಡ್ಡದೆಂದರೆ, ಕೆಳಗಿದ್ದ "ಹೆಪ್ಪುಗಟ್ಟಿಸಬೇಡಿ" ಎಂಬ ಗುರುತು ಮುಕ್ಕಾಲು ಮುಚ್ಚಿಹೋಗಿತ್ತು. ಅಕ್ಕನ ಫ್ರಿಜ್ಜು ಏಳು ಪೆಟ್ಟಿಗೆಗೆ ಆಗುವಂಥದ್ದು. ಹನ್ನೆರಡನ್ನೂ ತಳದವರೆಗೆ ತುರುಕಿಸಿದರು. ಹೊಸ ಫ್ರಿಜ್ಜು ನಾಲ್ಕು ವರ್ಷದಿಂದ "ಬರ್ತಾ ಇದೆ", ನಡೆದು ಬರುತ್ತಿರಬೇಕು.

ಈ ಸೋಮವಾರ ಬೆಳಿಗ್ಗೆ ಫ್ರಿಜ್ಜಿನ ಒಳಗೋಡೆಯಲ್ಲಿ ಬಿಳಿ ಮಂಜು ಹಿಡಿದಿತ್ತು. ಅಕ್ಕ ಮೊದಲು ನಾಬನ್ನು ಮೂರಕ್ಕೆ ತಿರುಗಿಸಿದಳು. ಆಮೇಲೆ ಮೇಲಿನ ಬುಟ್ಟಿಯಿಂದ ಒಂದು ಸೀಸೆ, ತಳದ ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಒಂದೇ ಥರ, ತೆಳು ಮೋಡದಂತೆ. ಸೀಸೆಯ ಮೇಲಿನ ಪುಟ್ಟ ಚೌಕವೂ ಬೆಳ್ಳಗೇ ಇತ್ತು. ಆ ಚೌಕ ಬಿಸಿ ತಾಗಿದರೆ ಕಪ್ಪಾಗುತ್ತದೆ, ಚಳಿಗೆ ಅದು ಬಾಯಿ ಬಿಡುವುದಿಲ್ಲ. ಅವಳಿಗೆ ಕೆಲಸ ಕಲಿಸಿದ ಹಳೆಯ ಕಾಂಪೌಂಡರ್ ಮೇಷ್ಟ್ರು ಹೇಳುತ್ತಿದ್ದರು: "ಬಿಸಿಗೆ ಲಸಿಕೆ ಕೂಗಿಕೊಂಡು ಸಾಯುತ್ತೆ ಮಗಾ, ಚಳಿಗೆ ಸದ್ದಿಲ್ಲದೆ ಸಾಯುತ್ತೆ. ಸತ್ತಿದೆ ಅಂತ ತಿಳೀಬೇಕಾದ್ರೆ ಕುಲುಕಿ ನೋಡ್ಬೇಕು."

ಕುಲುಕಿ ನೋಡಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು, ಸತ್ತದ್ದೇ ಎಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಸೀಸೆ ಬೇಕು. ಅದನ್ನು ತಾವೇ ಕೊಲ್ಲಬೇಕು. ಅಕ್ಕ ಮೇಲಿನ ಬುಟ್ಟಿಯ ಸೀಸೆಗೆ ಕೆಂಪು ಶಾಯಿಯಲ್ಲಿ "ಸತ್ತದ್ದು" ಎಂದು ಬರೆದು ಚೀಟಿ ಅಂಟಿಸಿದಳು. ಒಂದು ಸೀಸೆ ಎಂದರೆ ಹತ್ತು ಮಕ್ಕಳು. "ತಪ್ಪಾಯ್ತು ಕಣ್ರೋ," ಎಂದು ಗೊಣಗಿ ಅದನ್ನು ಡೀಪ್ ಫ್ರೀಜರಿಗೆ ಹಾಕಿದಳು. ಕಲ್ಲಿನಂತೆ ಗಟ್ಟಿಯಾಗಬೇಕು, ಮತ್ತೆ ಕರಗಬೇಕು. ಮಧ್ಯಾಹ್ನ ಮೂರರವರೆಗೆ ಕಾಯದೆ ವಿಧಿಯಿರಲಿಲ್ಲ.

ವಾಚ್‌ಮನ್ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ನಾನು ಮಾಡಿದ್ದು ಸರಿ ಆಯ್ತು ತಾನೆ? ನೀವು ಹೇಳಿದ್ದಕ್ಕೆ ಏಳಕ್ಕೇ ಇಟ್ಟೆ. ಒಂದು ಚೂರೂ ಆಚೆ ಈಚೆ ಇಲ್ಲ."

"ನೀನು ಸರಿಯಾಗೇ ಮಾಡಿದ್ದೀಯ ಅಣ್ಣ. ನಾನೇ ಮರೆತೆ."

"ಏನಾಗುತ್ತೆ ಈಗ?"

"ಏನೂ ಆಗ್ದೇ ಇದ್ರೆ ಏನೂ ಆಗಲ್ಲ."

"ಇದೊಳ್ಳೆ ಜ್ಯೋತಿಷ್ಯ!" ಅಂದ ಅವನು. ಇಬ್ಬರಿಗೂ ನಗು ಬರಲಿಲ್ಲ.

ಹನ್ನೊಂದರ ಹೊತ್ತಿಗೆ ದರ್ಜಿ ಬಂದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಟೋಕನ್ನು, ಸೊಂಟದ ಮೇಲೆ ನಾಲ್ಕು ವರ್ಷದ ಚಿಕ್ಕ ಮಗಳು. ನೂಕುನುಗ್ಗಲು ಬೇಡವೆಂದು ಬೀದಿಬೀದಿಗೆ ನಂಬರು ಹಂಚಿದ್ದರು.

"ಅಕ್ಕ, ನಂಬರು ನಾಲ್ಕು ಸಾವಿರದ ಚಿಲ್ಲರೆ ಬಂದಿದೆ. ನಾಳೆ ಸಿಗುತ್ತೆ ತಾನೆ? ಲಸಿಕೆ ಸಾಕಾಗುತ್ತೆ ತಾನೆ?"

ಅಕ್ಕ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು. "ನಾಳೆ ಬಾರಪ್ಪ, ನೋಡೋಣ," ಅಂದಳು.

"ನೋಡೋಣ ಅನ್ಬೇಡಿ ಅಕ್ಕ. ದೊಡ್ಡವಳಿಗೂ ನೋಡೋಣ ಅಂದಿದ್ರು."

ಮಗು ಅಪ್ಪನ ಟೇಪನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಕೆಮ್ಮಿತು. ಸಾಮಾನ್ಯ ಕೆಮ್ಮೇ. ಆದರೂ ದರ್ಜಿ, ಅಕ್ಕ ಇಬ್ಬರೂ ಇನ್ನೊಂದು ಕೆಮ್ಮು ಬರುತ್ತದೋ ಎಂದು ಕಾದರು. ಬರಲಿಲ್ಲ.

ಮೂರು ಗಂಟೆಗೆ ಸತ್ತ ಸೀಸೆ ಕರಗಿತು. ಅಕ್ಕ ಹನ್ನೆರಡು ಪೆಟ್ಟಿಗೆಯಿಂದಲೂ ಒಂದೊಂದು ಸೀಸೆ ತೆಗೆದು, ಪ್ರತಿಯೊಂದಕ್ಕೂ ಪೆಟ್ಟಿಗೆಯ ನಂಬರು ಬರೆದು, ಒಂದು ಕೈಯಲ್ಲಿ ಸತ್ತದ್ದು, ಇನ್ನೊಂದು ಕೈಯಲ್ಲಿ ಅನುಮಾನದ್ದು ಹಿಡಿದು ಕುಲುಕಿದಳು. ಮೇಜಿನ ಮೇಲೆ ಸಾಲಾಗಿ ಇಟ್ಟು ಸ್ಟೂಲಿನ ಮೇಲೆ ಕೂತಳು. ಸತ್ತದ್ದರಲ್ಲಿ ಒಡೆದ ಹಾಲಿನಂತೆ ಚೂರುಗಳು ತೇಲಿ, ನಿಧಾನವಾಗಿ ತಳಕ್ಕೆ ಇಳಿದವು, ಮೇಲೆ ತಿಳಿನೀರು. ಮೊದಲ ಏಳು ಪೆಟ್ಟಿಗೆಗಳ ಸೀಸೆಗಳು ಮೋಡವಾಗಿಯೇ ಇದ್ದವು. ಎಂಟನೆಯದು ಇಳಿಯತೊಡಗಿತು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ತಳದಲ್ಲಿದ್ದ ಐದೂ ಪೆಟ್ಟಿಗೆ. ಎರಡೂವರೆ ಸಾವಿರ ಮಕ್ಕಳ ಪಾಲು ತಿಳಿನೀರಾಗಿತ್ತು.

ಅವಳು ಎದ್ದು ಡಾಕ್ಟರ್ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಕೆಟ್ಟವರಲ್ಲ. ಹತ್ತು ವಾರದಲ್ಲಿ ಐದು ಮಕ್ಕಳು ಅವರ ಕೈಯಲ್ಲೇ ಹೋಗಿದ್ದವು. ನಿದ್ದೆಯಿಲ್ಲದ ಕಣ್ಣು ಒಳಗೆ ಹೂತಿತ್ತು. ನಾಳೆಯ ಉದ್ಘಾಟನೆಗೆ ಹೊರದೇಶದ ತಂಡದ ಮೇಡಂ ಆಗಲೇ ಬಂದಿಳಿದು, ಪಕ್ಕದ ವಾರ್ಡು ನೋಡುತ್ತಿದ್ದರು. ಸಾಹೇಬರು ಅಕ್ಕನ ಮಾತನ್ನು ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ನೋಡಮ್ಮ, ಚಾರ್ಟ್‌ನಲ್ಲಿ ನಾಲ್ಕು ಅಂತ ಇದೆ ತಾನೆ?"

"ಇದೆ ಸಾರ್."

"ನಿನ್ನ ಸಹಿ ಇದೆ ತಾನೆ?"

"ಇದೆ."

"ಅಂದ್ಮೇಲೆ ಭಾನುವಾರ ನಾಲ್ಕೇ ಇತ್ತು. ಸೀಸೆ ಕುಲುಕಿ ಭವಿಷ್ಯ ನೋಡೋ ಕಾಲ ಹೋಯ್ತು. ಈ ಹನ್ನೆರಡು ಪೆಟ್ಟಿಗೆ ತರೋಕೆ ಎಷ್ಟು ಕಾಲು ಹಿಡಿದಿದ್ದೀನಿ ಗೊತ್ತಾ? ಹಾಳಾಯ್ತು ಅಂದ್ರೆ ಮುಂದಿನ ಸಲ ಇನ್ಯಾವುದೋ ದೇಶಕ್ಕೆ ಕೊಡ್ತಾರೆ. ಇವರಿಗೆ ಇಟ್ಕೊಳ್ಳೋಕೂ ಬರಲ್ಲ ಅಂತಾರೆ."

"ಐದು ಪೆಟ್ಟಿಗೆ ನೀರು ಸಾರ್."

"ನೀರಾದ್ರೂ ಜನಕ್ಕೆ ಒಂದು ಧೈರ್ಯ."

"ಆ ಧೈರ್ಯವೇ ಕೊಲ್ಲೋದು ಸಾರ್," ಅಂದಳು ಅಕ್ಕ. "ಲಸಿಕೆ ಆಯ್ತು ಅಂದ್ಕೊಂಡು ಕೆಮ್ಮೋ ಮಗು ಪಕ್ಕದಲ್ಲಿ ಮಲಗಿಸ್ತಾರೆ. ಗಂಟಲು ನೋವು ಅಂದ್ರೆ ಶೀತ ಅಂತಾರೆ. ಇಲ್ಲಿಗೆ ಕರ್ಕೊಂಡು ಬರೋಷ್ಟರಲ್ಲಿ..."

ಸಾಹೇಬರು ಮುಖವನ್ನು ಎರಡೂ ಕೈಯಲ್ಲಿ ಉಜ್ಜಿಕೊಂಡರು. "ಹೇಳ್ಬೇಕು ಅಂದ್ರೆ ಚಾರ್ಟ್ ಸುಳ್ಳು ಅಂತ ನೀನೇ ಹೇಳ್ಬೇಕಾಗುತ್ತೆ. ಕೆಲಸ ಉಳಿಯಲ್ಲ. ಮನೇಲಿ ಅತ್ತೆ ಇದ್ದಾರಲ್ಲ, ಯೋಚನೆ ಮಾಡು."

ಅವರು ಹೆದರಿಸಲು ಹೇಳಿದ್ದಲ್ಲ, ನಿಜವನ್ನೇ ಹೇಳಿದರು. ಅದೇ ಹೆಚ್ಚು ಹೆದರಿಸಿತು. ಅಕ್ಕ ಹಿಂದಿನ ಕೋಣೆಗೆ ಬಂದು ಚಾರ್ಟಿನ ಮುಂದೆ ನಿಂತಳು. ಎರಡು ದುಂಡನೆಯ ನಾಲ್ಕು. ಇಷ್ಟು ವರ್ಷ ಅವಳನ್ನು ಕೆಂಪು ಸುತ್ತಿನಿಂದ ಕಾಪಾಡಿದ ನಾಲ್ಕು. ನಾಳೆ ಎರಡೂವರೆ ಸಾವಿರ ಮಕ್ಕಳ ತೋಳಿಗೆ ನೀರು ಚುಚ್ಚಲು ಅದೇ ಸಾಕ್ಷಿ ಹೇಳುತ್ತದೆ. ಸೀಸೆಗಳು ಎಷ್ಟೇ ಇಳಿದರೂ ಅವುಗಳ ಮಾತು ನಡೆಯುವುದಿಲ್ಲ. ಕಾಗದದ ಮಾತು ನಡೆಯುತ್ತದೆ. ತಾನು ಸಾಕಿದ ನಾಯಿ ತನ್ನ ಮನೆಯ ಬಾಗಿಲಲ್ಲೇ ಹಲ್ಲು ಕಿರಿದು ನಿಂತಂತಾಯಿತು.

ಎಷ್ಟು ಹೊತ್ತು ನಿಂತಿದ್ದಳೋ. ವಾರ್ಡಿನಿಂದ ಯಾವುದೋ ಮಗು ಉಸಿರೆಳೆಯುವ ಸದ್ದು ಬರುತ್ತಿತ್ತು, ಒದ್ದೆ ಹಲಗೆಯನ್ನು ಗರಗಸ ಕೊಯ್ಯುವಂಥ ಸದ್ದು. ಅವಳು ಕೆಂಪು ಪೆನ್ನು ತೆಗೆದಳು. ಎರಡೂ ನಾಲ್ಕನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಬರೆದಳು: "ನೋಡದೆ ಬರೆದದ್ದು. ನೋಡಿದ್ದು ಸೋಮವಾರ, ಮೈನಸ್ ಎರಡು." ಕೆಳಗೆ ಸಹಿ ಮಾಡಿದಳು. ಚಾರ್ಟು ಕಿತ್ತು ಕಂಕುಳಲ್ಲಿಟ್ಟುಕೊಂಡು, ಸತ್ತದ್ದೊಂದು, ತಳದ್ದೊಂದು, ಮೇಲಿನದೊಂದು, ಹೀಗೆ ಮೂರು ಸೀಸೆಗಳನ್ನು ಟ್ರೇಯಲ್ಲಿಟ್ಟುಕೊಂಡು ವಾರ್ಡಿನ ಕಡೆ ನಡೆದಳು.

ಹೊರದೇಶದ ಮೇಡಂ ನಮ್ಮ ಮಾತನ್ನು ಪುಸ್ತಕದಿಂದ ಕಲಿತವರಂತೆ ಆಡುತ್ತಿದ್ದರು. ಅಕ್ಕ ಏನನ್ನೂ ವಿವರಿಸಲು ಹೋಗಲಿಲ್ಲ. ಸೀಸೆಗಳನ್ನು ಕುಲುಕಿ ಅವರ ಮುಂದಿಟ್ಟು, "ಹದಿನೈದು ನಿಮಿಷ ನೋಡಿ ಮೇಡಂ," ಅಂದಳು. ಮೇಡಂ ನಿಜವಾಗಿಯೂ ನೋಡಿದರು, ಕೈಕಟ್ಟಿ, ಕದಲದೆ. ಅಷ್ಟರಲ್ಲಿ ಡಾಕ್ಟರ್ ಸಾಹೇಬರೂ ಬಂದು ಹಿಂದೆ ನಿಂತರು. ತಡೆಯಲಿಲ್ಲ. ಎರಡು ಸೀಸೆಗಳಲ್ಲಿ ಚೂರು ತಳಕ್ಕಿಳಿದು ತಿಳಿನೀರು ನಿಂತಿತು, ಒಂದು ಮೋಡವಾಗಿಯೇ ಉಳಿಯಿತು. ಅಕ್ಕ ಚಾರ್ಟು ಬಿಚ್ಚಿ ತೋರಿಸಿದಳು.

"ಭಾನುವಾರ ಇಲ್ಲಿ ಯಾರು ಕೆಲಸ ಮಾಡುತ್ತಾರೆ?" ಮೇಡಂ ಕೇಳಿದರು.

"ಯಾರೂ ಇಲ್ಲ."

"ಆದರೆ ಭಾನುವಾರದ ಮನೆಗಳು ಇವೆ."

"ಮನೆಗಳಿವೆ. ವಾಸ ಮಾಡೋರಿಲ್ಲ," ಅಂದಳು ಅಕ್ಕ.

ಮೇಡಂ ಅದನ್ನು ಬರೆದುಕೊಂಡರು. ಸಾಹೇಬರ ಕಡೆ ತಿರುಗಿ, ಐದು ಪೆಟ್ಟಿಗೆ ಬೇರೆ ಇಡಿ, ನಾಳೆ ಉಳಿದ ಏಳು ಪೆಟ್ಟಿಗೆಯಿಂದ ಶುರು ಮಾಡೋಣ ಎಂದರು. ಬದಲಿ ಎಂದು ಬರುತ್ತದೆ ಎಂದು ಸಾಹೇಬರು ಕೇಳಿದ್ದಕ್ಕೆ, "ಆರು ವಾರ. ಬಹುಶಃ," ಎಂದರು. ಆ "ಬಹುಶಃ" ಒಂದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಮೂರು ವಾರದ ಮೇಲೆ ಬಂದ ವರದಿಯಲ್ಲಿ ಮಾತ್ರ ವಾಸ ಮಾಡುವವರ ಸುದ್ದಿ ಇರಲಿಲ್ಲ. "ಮಾನವ ದೋಷ, ಸಿಬ್ಬಂದಿಗೆ ತರಬೇತಿ ಅಗತ್ಯ" ಎಂದಿತ್ತು. ಲೋಕದಲ್ಲಿ ಏನೇ ಕೆಟ್ಟರೂ ದೋಷವೆಲ್ಲ ಕೊನೆಯ ಸ್ಟೂಲಿನ ಮೇಲೆ ಕೂತ ಮಾನವರದ್ದೇ. ಆರು ದಿನದ ಸಂಬಳಕ್ಕೆ ಏಳು ದಿನದ ಚಾರ್ಟು ಕಳಿಸಿದವರು ಯಾವ ಪ್ರಾಣಿಗಳೋ, ವರದಿ ಹೇಳಲಿಲ್ಲ.

ಮಂಗಳವಾರ ಮೂರೂವರೆ ಸಾವಿರದ ನಂಬರಿನವರೆಗೆ ಲಸಿಕೆ ಆಯಿತು. ಬ್ಯಾಂಡು, ರಿಬ್ಬನ್ನು, ಭಾಷಣ ಎಲ್ಲ ಮುಗಿದ ಮೇಲೆ, ಉಳಿದವರು ಮನೆಗೆ ಹೋಗಿ ಎಂದು ಮೈಕಿನಲ್ಲಿ ಕೂಗಿದರು. ಸಾಲು ಕರಗಿತು. ದರ್ಜಿ ಕರಗಲಿಲ್ಲ. ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಯ ಬಾಗಿಲಿಗೆ ಬಂದ.

"ನಮ್ಮ ಬೀದಿಗೆ ಯಾಕಕ್ಕ ಇಲ್ಲ?"

ಸಾವಿರ ನೆಪ ಇದ್ದವು. ವಿಮಾನ, ಮೇಲಿನವರು, ಕರೆಂಟು. ಅಕ್ಕ ಸ್ಟೂಲಿನಿಂದ ಎದ್ದು ನಿಂತಳು. "ನನ್ನಿಂದ ಕಣಪ್ಪ. ನಾಬ್ ತಿರುಗಿಸೋಕೆ ಹೇಳಿ ಮರೆತೆ. ಕೆಳಗಿನ ಐದು ಪೆಟ್ಟಿಗೆ ಹೆಪ್ಪುಗಟ್ಟಿ ಹಾಳಾಯ್ತು."

ದರ್ಜಿ ಕೈಯಲ್ಲಿದ್ದ ಟೋಕನ್ನನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಅದನ್ನೇ ಕೊಟ್ಟಿದ್ರೆ ಏನಾಗ್ತಿತ್ತು?"

"ಕೊಟ್ಟ ಹಾಗೆ ಆಗ್ತಿತ್ತು. ಅಷ್ಟೇ."

ಅವನು ತಲೆಯಾಡಿಸಿದ. ಹೊರಟವನು ತಿರುಗಿ ಕೇಳಿದ: "ಆರು ವಾರ ನಾನು ಏನು ಮಾಡ್ಲಿ ಅಕ್ಕ? ನನಗೆ ಗಂಟಲು ನೋಡೋಕೆ ಬರಲ್ಲ. ದೊಡ್ಡವಳದ್ದೂ ನೋಡಿದ್ದೆ, ತಿಳೀಲಿಲ್ಲ."

ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದರ್ಜಿಯ ಅಂಗಡಿಗೆ ಹೋಗುತ್ತಾಳೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚಮಚ. ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆ ಎಂಬ ನೋಟಿಸು ಬಂದಿದೆ. ಅದನ್ನು ಮಡಚಿ ಅತ್ತೆಯ ಔಷಧಿ ಡಬ್ಬದಲ್ಲಿಟ್ಟಿದ್ದಾಳೆ, ಅತ್ತೆಗೆ ಹೇಳಿಲ್ಲ. ಹೊಸ ಪೆಟ್ಟಿಗೆಗಳ ಸುದ್ದಿ ಕೇಳಿದರೆ "ಪ್ರಕ್ರಿಯೆಯಲ್ಲಿದೆ" ಅನ್ನುತ್ತಾರೆ.

ಇಂದು ಇಪ್ಪತ್ತಾರನೆಯ ದಿನ, ಭಾನುವಾರ. ಅಕ್ಕ ಮೊದಲು ಆಸ್ಪತ್ರೆಗೆ ಹೋಗಿ ಮುಚ್ಚಳ ಎತ್ತಿ ನೋಡಿದಳು. ಐದು ಡಿಗ್ರಿ. ಐದು ಎಂದೇ ಬರೆದಳು. ಅಲ್ಲಿಂದ ದರ್ಜಿಯ ಅಂಗಡಿಗೆ ಬಂದಳು. ಅವಳ ನೆರಳು ಬಿದ್ದೊಡನೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಗು ಅಭ್ಯಾಸಬಲದಿಂದ ಸ್ಟೂಲು ಹತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿತು.

"ಆ ಅನ್ನು, ಪುಟ್ಟಿ."

"ಆಆಆ."

ಟಾರ್ಚಿನ ಬೆಳಕು ಒಳಗೆ ಇಳಿಯಿತು. ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಒಂದು ಸಲ ನೋಡಿ ನಂಬುವ ಕಾಲ ಅವಳ ಪಾಲಿಗೆ ಮುಗಿದಿತ್ತು. ಎಡಗಡೆ, ಬಲಗಡೆ, ಕಿರುನಾಲಿಗೆಯ ಹಿಂದೆ. ದರ್ಜಿ ಬಟ್ಟೆಯ ಮೇಲೆ ಇಟ್ಟ ಕೈ ತೆಗೆದಿರಲಿಲ್ಲ.

"ಕೆಂಪಗಿದೆ, ಅಷ್ಟೇ," ಅಂದಳು. "ಪೊರೆ ಇಲ್ಲ."

"ನಾಳೆ?"

"ನಾಳೆ ಬರ್ತೀನಿ."

ಅವನು ಮತ್ತೆ ಯಂತ್ರ ತುಳಿಯತೊಡಗಿದ. ಬೀದಿಯ ತುದಿಯವರೆಗೂ ಅಕ್ಕ ಆ ಸದ್ದನ್ನು ಕೇಳುತ್ತಲೇ ನಡೆದಳು, ನಡುವೆ ಎಲ್ಲಿಯಾದರೂ ನಿಲ್ಲುತ್ತದೋ ಎಂದು.